ಕಾಂಕ್ರೀಟ್ ಕುಗ್ಗುವ ಲೆಕ್ಕ

ಸೇತುವೆ ಕಟ್ಟಿ, ಸೆಂಟ್ರಿಂಗ್ ಬಿಚ್ಚಿ, ಭಾರದ ಪರೀಕ್ಷೆಯೂ ಮುಗಿದು ಬಿಲ್ಲು ಪಾಸಾಯಿತು ಅಂದಮೇಲೆ ಎಂಜಿನಿಯರು ಮತ್ತೆ ಆ ಕಡೆ ತಲೆಹಾಕುವುದು ಕಡಿಮೆ. ಸೇತುವೆ ಊರವರ ಪಾಲಾಗುತ್ತದೆ, ಎಂಜಿನಿಯರು ಮುಂದಿನ ಟೆಂಡರಿನ ಪಾಲಾಗುತ್ತಾನೆ. ಫ್ರೆಂಚ್ ಎಂಜಿನಿಯರು ಯೂಜೀನ್ ಫ್ರೆಸಿನೆಯ ಜಾಯಮಾನ ಅದಲ್ಲ. ಫ್ರಾನ್ಸಿನ ನಡುಭಾಗದಲ್ಲಿ ಹರಿಯುವ ಅಲಿಯೇ ನದಿಗೆ ಲ ವೆರ್ದ್ರ ಎಂಬ ಸಣ್ಣ ಊರಿನ ಹತ್ತಿರ ಅವನು ಕಟ್ಟಿಸಿದ ಮೂರು ಕಮಾನಿನ ಸೇತುವೆ 1911ರಲ್ಲಿ ಓಡಾಟಕ್ಕೆ ತೆರೆದುಕೊಂಡಿತು. ಅದಾದ ಮೇಲೂ ಅವನ ಕಣ್ಣು ಅದರ ಮೇಲೇ ಇತ್ತು. ಕೆಲವು ತಿಂಗಳು ಎಲ್ಲವೂ ಲೆಕ್ಕದಂತೆಯೇ ನಡೆಯಿತು. ಆಮೇಲೆ ಮೂರೂ ಕಮಾನುಗಳ ನೆತ್ತಿ ಮೆಲ್ಲಗೆ ಕೆಳಗಿಳಿಯತೊಡಗಿತು. ಅಳೆದಷ್ಟೂ ಇಳಿತ ಹೆಚ್ಚುತ್ತಲೇ ಹೋಗಿ ಸುಮಾರು 13 ಸೆಂಟಿಮೀಟರಿಗೆ ಮುಟ್ಟಿತು.

ಭಾರ ಹೆಚ್ಚಾಗಿರಲಿಲ್ಲ. ನೆರೆ ಬಂದಿರಲಿಲ್ಲ. ಹಾಗಿದ್ದೂ ಸೇತುವೆ ತನ್ನಷ್ಟಕ್ಕೆ ತಾನೇ ಬಾಗುತ್ತಿತ್ತು. ಇಂಥದ್ದು ಆಗಲಾರದೆಂದು ಆ ಕಾಲದ ಪುಸ್ತಕಗಳು ಹೇಳುತ್ತಿದ್ದವು.

ಫ್ರೆಸಿನೆ ಹುಟ್ಟಿದ್ದು 1879ರಲ್ಲಿ, ಒಬ್ಜಾ ಎಂಬ ಹಳ್ಳಿಯಲ್ಲಿ. ಪ್ಯಾರಿಸ್ಸಿನ ಹೆಸರಾಂತ ಎಂಜಿನಿಯರಿಂಗ್ ಶಾಲೆಗಳಲ್ಲಿ ಓದಿದರೂ ಕೈಕೆಲಸದವರ ಊರಿನ ಬುದ್ಧಿ ಅವನನ್ನು ಬಿಟ್ಟುಹೋಗಲಿಲ್ಲ. ಸೂತ್ರಕ್ಕಿಂತ ವಸ್ತುವಿನ ಮೇಲೆ ಅವನಿಗೆ ನಂಬಿಕೆ ಜಾಸ್ತಿ. 1905ರಲ್ಲಿ ಸರ್ಕಾರಿ ಎಂಜಿನಿಯರಾಗಿ ಮೂಲಾಂ ಪಟ್ಟಣಕ್ಕೆ ಬಂದ. ಆ ಜಿಲ್ಲೆಯಲ್ಲಿ ಅಲಿಯೇ ನದಿಯ ಮೂರು ಹಳೆಯ ತೂಗುಸೇತುವೆಗಳನ್ನು ಬದಲಿಸಬೇಕಿತ್ತು. ಒಂದು ಕಲ್ಲಿನ ಸೇತುವೆಗೆ ಗೊತ್ತಾಗಿದ್ದ ದುಡ್ಡಿನಲ್ಲಿ ಮೂರನ್ನೂ ಕಾಂಕ್ರೀಟಿನಲ್ಲಿ ಕಟ್ಟಿಬಿಡಬಹುದು ಎಂದು ಈ ಹುಡುಗ ಎಂಜಿನಿಯರು ಲೆಕ್ಕ ತೋರಿಸಿದ. ಅದನ್ನು ನಂಬಿ ದುಡ್ಡು ಹಾಕಲು ಮುಂದೆ ಬಂದವನು ಫ್ರಾಂಸ್ವಾ ಮೆರ್ಸಿಯೆ ಎಂಬ ಗುತ್ತಿಗೆದಾರ. ಇಂಥ ಗುತ್ತಿಗೆದಾರರು ಎಲ್ಲ ಕಾಲದಲ್ಲೂ ಅಪರೂಪ.

ಅಗ್ಗವಾಗಬೇಕಾದರೆ ಕಮಾನು ತೆಳ್ಳಗಿರಬೇಕು, ಚಪ್ಪಟೆಯಾಗಿರಬೇಕು. ಲ ವೆರ್ದ್ರದ ನಡುಕಮಾನಿನ ಹರವು 72.5 ಮೀಟರು. ಎತ್ತರ ಹರವಿನ ಹದಿನೈದರಲ್ಲಿ ಒಂದು ಪಾಲು ಮಾತ್ರ, ಅಂದರೆ ಐದು ಮೀಟರಿಗೂ ಕಡಿಮೆ. ಕಲ್ಲಿನಲ್ಲಿ ಇಂಥದ್ದನ್ನು ಯಾರೂ ಕನಸಿನಲ್ಲೂ ಕಟ್ಟುತ್ತಿರಲಿಲ್ಲ. ಎರಡು ಬುಡದಲ್ಲಿ ಒಂದೊಂದು, ನೆತ್ತಿಯಲ್ಲಿ ಒಂದು, ಹೀಗೆ ಮೂರು ಕೀಲುಗಳಿರುವ ಕಮಾನು ಅದು.

ಇಲ್ಲಿ ಸ್ವಲ್ಪ ಲೆಕ್ಕ ಮಾಡಿ ನೋಡಬೇಕು. ನೆತ್ತಿಯ ಕೀಲಿನಿಂದ ಬುಡದ ಕೀಲಿನವರೆಗೆ ಒಂದೊಂದು ಅರ್ಧಕಮಾನು ಸುಮಾರು 36 ಮೀಟರು ಉದ್ದ. ಅದರ ಕಾಂಕ್ರೀಟು ಮೀಟರಿಗೆ ಅರ್ಧ ಮಿಲಿಮೀಟರಿನಷ್ಟು ಗಿಡ್ಡವಾಯಿತೆಂದುಕೊಳ್ಳಿ. ಇಡೀ ಅರ್ಧಕಮಾನು ಎರಡು ಸೆಂಟಿಮೀಟರು ಕೂಡ ಕುಗ್ಗುವುದಿಲ್ಲ. ಆದರೆ ಕಮಾನು ಇಷ್ಟು ಚಪ್ಪಟೆಯಾಗಿರುವಾಗ ಆ ಚಿಕ್ಕ ಕುಗ್ಗುವಿಕೆ ನೆತ್ತಿಯಲ್ಲಿ ಸುಮಾರು ಏಳೂವರೆ ಪಟ್ಟು ಹಿಗ್ಗಿ ಕಾಣಿಸಿಕೊಳ್ಳುತ್ತದೆ. ನೆತ್ತಿ 13-14 ಸೆಂಟಿಮೀಟರು ಇಳಿಯುತ್ತದೆ. ದಪ್ಪ ಗಡುಸಾದ ಸೇತುವೆಯಾಗಿದ್ದರೆ ಅಷ್ಟು ಕುಗ್ಗಿದ್ದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಫ್ರೆಸಿನೆ ದುಡ್ಡು ಉಳಿಸಲು ಹೋಗಿ ಕಟ್ಟಿದ್ದು ಒಂದು ಸೇತುವೆಯನ್ನೂ ಹೌದು, ಅದುವರೆಗೆ ಯಾರ ಬಳಿಯೂ ಇರದಿದ್ದ ಒಂದು ಅಳತೆಯ ಸಾಧನವನ್ನೂ ಹೌದು.

ಇಳಿತ ಅಲ್ಲಿಗೇ ನಿಂತಿದ್ದರೆ ಚಿಂತೆಯಿರಲಿಲ್ಲ. ಕಮಾನು ಚಪ್ಪಟೆಯಾದಷ್ಟೂ ಅದರೊಳಗಿನ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಕಾಂಕ್ರೀಟು ಇನ್ನಷ್ಟು ಕುಗ್ಗುತ್ತದೆ, ಕುಗ್ಗಿದಷ್ಟೂ ಕಮಾನು ಮತ್ತೂ ಚಪ್ಪಟೆಯಾಗುತ್ತದೆ. ಒಂದು ಹಂತ ದಾಟಿದರೆ ನೆತ್ತಿ ಒಮ್ಮೆಲೇ ಕೆಳಮುಖವಾಗಿ ಮಗುಚಿಕೊಂಡು ನದಿಗೆ ಬೀಳುತ್ತದೆ.

ಈ ಅಪಾಯ ಮನಗಂಡ ದಿನ ಅವನು ಮಾಡಿದ್ದನ್ನು ಮುಂದೆ ಅವನೇ ಬರೆದಿಟ್ಟಿದ್ದಾನೆ. ರಾತ್ರಿ ಮೂಲಾಂಗೆ ಬಂದವನೇ ಸೈಕಲ್ ಹತ್ತಿ ಲ ವೆರ್ದ್ರಕ್ಕೆ ಹೊರಟ. ಅಲ್ಲಿ ಮೇಸ್ತ್ರಿ ಬಿಗೆಯನ್ನೂ ನಂಬಿಕೆಯ ಮೂವರು ಕೆಲಸಗಾರರನ್ನೂ ಎಬ್ಬಿಸಿದ. ಸೇತುವೆ ಕಟ್ಟುವಾಗ ಅವನು ಹೊಸದೊಂದು ಉಪಾಯ ಮಾಡಿದ್ದ. ಸಾಮಾನ್ಯವಾಗಿ ಕಮಾನು ಗಟ್ಟಿಯಾದ ಮೇಲೆ ಅಡಿಯ ಮರದ ಸೆಂಟ್ರಿಂಗನ್ನು ಸಡಿಲಿಸಿ ಇಳಿಸುತ್ತಾರೆ. ಫ್ರೆಸಿನೆ ಸೆಂಟ್ರಿಂಗನ್ನು ಇದ್ದಲ್ಲೇ ಬಿಟ್ಟು, ನೆತ್ತಿಯಲ್ಲಿ ಹೈಡ್ರಾಲಿಕ್ ಜಾಕುಗಳನ್ನಿಟ್ಟು ಎರಡು ಅರ್ಧಗಳನ್ನೂ ಆಚೆ ಈಚೆ ತಳ್ಳಿ ಇಡೀ ಕಮಾನನ್ನೇ ಮೇಲೆತ್ತಿದ್ದ. ಜಾಕು ಇಡುವ ಆ ಜಾಗಗಳನ್ನು, ಮುಂದೆ ಬೇಕಾದೀತೆಂದು, ಮುಚ್ಚದೆ ಉಳಿಸಿಕೊಂಡಿದ್ದ. ಐವರೂ ಸೇರಿ ರಾತ್ರಿಯೇ ಜಾಕುಗಳನ್ನು ಮತ್ತೆ ಕೂರಿಸಿದರು. ಲೆವೆಲ್ ನೋಡುವಷ್ಟು ಬೆಳಕು ಹರಿದ ಕೂಡಲೇ ಮೂರೂ ಕಮಾನುಗಳನ್ನು ಒಟ್ಟಿಗೆ ಎತ್ತತೊಡಗಿದರು. ಅವತ್ತು ಸಂತೆಯ ದಿನ. ಗಾಡಿಗಳು ಬಂದಾಗಲೆಲ್ಲ ಜಾಕು ನಿಲ್ಲಿಸಿ ದಾರಿ ಬಿಡಬೇಕಾಯಿತು. ಸಂತೆಗೆ ಹೋಗುವವರು ತಾವು ಎಂಥ ಸೇತುವೆ ದಾಟುತ್ತಿದ್ದೇವೆಂದು ತಿಳಿಯದೆ ದಾಟಿಹೋದರು. ಆಮೇಲೆ ಅವನು ನೆತ್ತಿಯ ಕೀಲನ್ನೇ ಕಾಂಕ್ರೀಟು ತುಂಬಿ ಮುಚ್ಚಿಬಿಟ್ಟ. ಎರಡನೆಯ ಮಹಾಯುದ್ಧದಲ್ಲಿ ನಾಶವಾಗುವವರೆಗೂ ಆ ಸೇತುವೆ ನೆಟ್ಟಗೆ ನಿಂತಿತ್ತು. ಅದರ ತಂಗಿ, ವಿಶಿ ಪಟ್ಟಣದ ಹತ್ತಿರದ ಬೂತಿರೊನ್ ಸೇತುವೆ, ಇಂದಿಗೂ ಇದೆ.

ಇಷ್ಟಕ್ಕೇ ಮುಗಿದಿದ್ದರೆ ಇದೊಂದು ಸಾಹಸದ ಕತೆಯಾಗುತ್ತಿತ್ತು. ಸೇತುವೆ ಉಳಿದರೂ ಅದು ಬಾಗಿದ್ದು ಯಾಕೆಂಬುದು ಫ್ರೆಸಿನೆಯನ್ನು ಬಿಡಲಿಲ್ಲ.

1906ರಲ್ಲಿ ಫ್ರಾನ್ಸ್ ಸರ್ಕಾರ ಹೊರಡಿಸಿದ್ದ ಕಾಂಕ್ರೀಟ್ ನಿಯಮಗಳ ಪ್ರಕಾರ ಇಂತಿಷ್ಟು ಒತ್ತಿದರೆ ಕಾಂಕ್ರೀಟು ಇಂತಿಷ್ಟೇ ಕುಗ್ಗುತ್ತದೆ, ಒತ್ತಡ ತೆಗೆದರೆ ಮೊದಲಿನಂತಾಗುತ್ತದೆ. ಕಾಲಕ್ಕೆ ಆ ಲೆಕ್ಕದಲ್ಲಿ ಜಾಗವಿರಲಿಲ್ಲ. ಒಣಗುವಾಗ ಕಾಂಕ್ರೀಟು ಕುಗ್ಗುತ್ತದೆಂಬುದು ಗೊತ್ತಿತ್ತು. ಒಂದೇ ಭಾರವನ್ನು ಹೊತ್ತು ನಿಂತೇ ಇದ್ದರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕುಗ್ಗುತ್ತಲೇ ಹೋಗುತ್ತದೆ ಎಂಬುದು ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಎಂಜಿನಿಯರುಗಳು ಈಗ ಕ್ರೀಪ್ ಎಂದು ಕರೆಯುವುದು ಇದನ್ನೇ. ಲ ವೆರ್ದ್ರಕ್ಕೆ ಮುಂಚೆ, 1908ರಲ್ಲಿ, ಮೂಲಾಂನಲ್ಲಿ ಫ್ರೆಸಿನೆ 50 ಮೀಟರು ಹರವಿನ ಒಂದು ಪರೀಕ್ಷಾ ಕಮಾನು ಕಟ್ಟಿ, ಅದರ ಎರಡು ಬುಡಗಳನ್ನು ಬಿಗಿಯಾಗಿ ಎಳೆದ ಉಕ್ಕಿನ ತಂತಿಗಳಿಂದ ಒಂದಕ್ಕೊಂದು ಕಟ್ಟಿಹಾಕಿದ್ದ. ಅಲ್ಲೇ ಅವನಿಗೆ ಈ ಬಗ್ಗೆ ಗುಮಾನಿ ಹುಟ್ಟಿತ್ತು. ಈಗ ಗುಮಾನಿ ಖಾತ್ರಿಯಾಯಿತು.

ಖಾತ್ರಿಯಾದದ್ದೇ ಅವನಿಗೆ ದೊಡ್ಡ ಪೆಟ್ಟು. ಓದುತ್ತಿದ್ದ ದಿನಗಳಿಂದಲೂ ಅವನ ತಲೆಯಲ್ಲಿ ಒಂದು ಯೋಚನೆ ಕೂತಿತ್ತು, ಅದನ್ನು ಈ ಕ್ರೀಪ್ ಬುಡಸಮೇತ ಕಿತ್ತುಹಾಕುವಂತೆ ಕಂಡಿತು.

ಆ ಯೋಚನೆ ಇದು. ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತಕ್ಕೆ ಬಿರುಕು ಬಿಡುತ್ತದೆ. ತೊಲೆಯ ಮೇಲೆ ಭಾರ ಬಿದ್ದರೆ ಅಡಿಯ ಭಾಗ ಎಳೆತಕ್ಕೆ ಸಿಗುತ್ತದೆ. ಅದಕ್ಕೇ ಅಲ್ಲಿ ಕಂಬಿ ಹಾಕುವುದು. ಆದರೆ ಕಂಬಿ ಕೆಲಸಕ್ಕೆ ಬರುವುದೇ ಕಾಂಕ್ರೀಟು ಸೂಕ್ಷ್ಮವಾಗಿ ಬಿರುಕು ಬಿಟ್ಟ ಮೇಲೆ. ಬದಲಿಗೆ, ಭಾರ ಬೀಳುವ ಮೊದಲೇ ತೊಲೆಯನ್ನು ಎರಡೂ ತುದಿಯಿಂದ ಬಲವಾಗಿ ಅಮುಕಿ ಇಟ್ಟರೆ? ಬಂಡಿಯ ಗಾಲಿಗೆ ಕಾಯಿಸಿದ ಕಬ್ಬಿಣದ ಹಳಿ ಕಟ್ಟಿ ನೀರು ಸುರಿದಾಗ ಹಳಿ ಬಿಗಿದುಕೊಂಡು ಮರದ ತುಂಡುಗಳನ್ನೆಲ್ಲ ಒಂದೇ ಗಾಲಿಯನ್ನಾಗಿಸುತ್ತದಲ್ಲ, ಹಾಗೆ. ಭಾರ ಬಂದಾಗ ಅಡಿಯ ಭಾಗದಲ್ಲಿ ಎಳೆತ ಹುಟ್ಟುವುದಿಲ್ಲ, ಮೊದಲೇ ಇದ್ದ ಅಮುಕು ಕಡಿಮೆಯಾಗುತ್ತದೆ ಅಷ್ಟೆ. ಬಿರುಕಿನ ಮಾತೇ ಇಲ್ಲ. ಇದೇ ಪ್ರಿಸ್ಟ್ರೆಸ್ಡ್ ಕಾಂಕ್ರೀಟ್.

ಇದು ಫ್ರೆಸಿನೆಯೊಬ್ಬನಿಗೇ ಹೊಳೆದದ್ದಲ್ಲ. 1880ರ ದಶಕದಲ್ಲೇ ಅಮೆರಿಕದ ಜಾಕ್ಸನ್, ಜರ್ಮನಿಯ ಡೋರಿಂಗ್ ಇದಕ್ಕೆ ಪೇಟೆಂಟ್ ಪಡೆದಿದ್ದರು. ಇನ್ನೂ ಕೆಲವರು ಕಂಬಿ ಎಳೆದು ಬಿಗಿದು ತೊಲೆ ಮಾಡಿ ನೋಡಿದರು. ಮಾಡಿದಾಗ ಚೆನ್ನಾಗಿರುತ್ತಿತ್ತು. ಕೆಲಕಾಲ ಕಳೆದರೆ ಬಿಗಿ ಮಾಯವಾಗಿ ಮಾಮೂಲಿ ತೊಲೆಯೇ ಆಗಿಬಿಡುತ್ತಿತ್ತು. ಎಲ್ಲಿ ಹೋಯಿತೆಂದು ತಿಳಿಯದೆ ಎಲ್ಲರೂ ಕೈಬಿಟ್ಟರು.

ಎಲ್ಲಿ ಹೋಯಿತೆಂಬುದು ಫ್ರೆಸಿನೆಗೆ ಗೊತ್ತಾಯಿತು. ಆ ಕಾಲದ ಮೆದು ಉಕ್ಕಿನ ಕಂಬಿಯನ್ನು ಚದರ ಮಿಲಿಮೀಟರಿಗೆ 12 ಕಿಲೋದಷ್ಟು ಎಳೆಯುವುದು ವಾಡಿಕೆ. ಹಾಗೆ ಎಳೆದಾಗ ಒಂದು ಮೀಟರು ಕಂಬಿ 0.6 ಮಿಲಿಮೀಟರು ಉದ್ದವಾಗುತ್ತದೆ. ಬಿಗಿ ಅನ್ನುವುದು ಅಷ್ಟರಲ್ಲೇ ಅಡಗಿದೆ. ಒಣಗುವುದೂ ಕ್ರೀಪೂ ಸೇರಿ ಕಾಂಕ್ರೀಟು ಮೀಟರಿಗೆ ಅರ್ಧದಿಂದ ಒಂದು ಮಿಲಿಮೀಟರು ಕುಗ್ಗಿದರೆ ಕಂಬಿಯೂ ಅದರ ಜೊತೆಗೆ ಗಿಡ್ಡವಾಗಿ ತನ್ನ ಮೊದಲಿನ ಉದ್ದಕ್ಕೆ ಮರಳುತ್ತದೆ. ಕೈಯಲ್ಲಿ ಉಳಿಯುವುದು ಸೊನ್ನೆ.

ಈಗ ಕಂಬಿಯ ಜಾಗದಲ್ಲಿ ಗಡಸು ಉಕ್ಕಿನ ತಂತಿ ಇಡಿ. ಅದನ್ನು ಚದರ ಮಿಲಿಮೀಟರಿಗೆ 100 ಕಿಲೋದಷ್ಟು ಎಳೆದರೂ ತಾಳುತ್ತದೆ. ಆಗ ಮೀಟರಿಗೆ ಸುಮಾರು 5 ಮಿಲಿಮೀಟರು ಹಿಗ್ಗುತ್ತದೆ. ಕಾಂಕ್ರೀಟು ತನ್ನ ಒಂದು ಮಿಲಿಮೀಟರನ್ನು ಕಸಿದುಕೊಳ್ಳಲಿ. ಇನ್ನೂ ನಾಲ್ಕು ಉಳಿದಿರುತ್ತದೆ.

ಇಡೀ ಆವಿಷ್ಕಾರ ಇಷ್ಟೇ, ಐದರಲ್ಲಿ ಒಂದು ಕಳೆಯುವ ಲೆಕ್ಕ. ಎಳೆದು ಬಿಗಿಯುವುದು ಹಳೆಯ ಯೋಚನೆ, ಗಡಸು ತಂತಿಯೂ ಪೇಟೆಯಲ್ಲಿ ಸಿಗುತ್ತಿತ್ತು. ಕಳೆಯಬೇಕಾದದ್ದು ಎಷ್ಟು ಎಂಬುದನ್ನು ಯಾರೂ ಅಳೆದಿರಲಿಲ್ಲ. ಆ ಅಳತೆ ಸಿಗದೆ ಫ್ರೆಸಿನೆಗೂ ಧೈರ್ಯ ಬರಲಿಲ್ಲ. ಕ್ರೀಪ್ ಎಲ್ಲೋ ಒಂದು ಕಡೆ ನಿಲ್ಲುತ್ತದೆಯೇ ಅಥವಾ ನಾಲ್ಕನ್ನೂ ನುಂಗಿಹಾಕುತ್ತದೆಯೇ? ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಅವನು ಈ ಯೋಚನೆಯನ್ನು ಪಕ್ಕಕ್ಕಿಟ್ಟು ಬೇರೆ ಬೇರೆ ಕಟ್ಟಡಗಳಲ್ಲಿ ಹೆಸರು ಮಾಡಿದ. ಓರ್ಲಿಯಲ್ಲಿ ವಾಯುನೌಕೆಗಳಿಗೆ ಭಾರಿ ಕಾಂಕ್ರೀಟ್ ಹ್ಯಾಂಗರುಗಳನ್ನು ಕಟ್ಟಿದ. ಸೀನ್ ನದಿಗೆ ಆ ಕಾಲದ ಅತಿ ಉದ್ದದ ಕಾಂಕ್ರೀಟ್ ಕಮಾನನ್ನೂ ಕಟ್ಟಿದ.

ಅಳತೆ ಸಿಕ್ಕಿದ್ದು ಬ್ರೆಸ್ಟ್ ಬಂದರಿನ ಹತ್ತಿರ, ಎಲೋರ್ನ್ ನದಿಯ ಅಳಿವೆಗೆ ಪ್ಲೂಗಾಸ್ತೆಲ್ ಸೇತುವೆ ಕಟ್ಟುವಾಗ. ಒಂದೊಂದೂ ಹತ್ತಿರ ಹತ್ತಿರ 180 ಮೀಟರಿನ ಮೂರು ಕಮಾನುಗಳು. ಇಷ್ಟು ದೊಡ್ಡ ಕಮಾನಿನ ಸೆಂಟ್ರಿಂಗನ್ನು ಮೂರು ಸಲ ಕಟ್ಟುವುದು ದುಬಾರಿ ಎಂದು ಒಂದೇ ಮರದ ಸೆಂಟ್ರಿಂಗ್ ಮಾಡಿ, ಒಂದು ಕಮಾನು ಮುಗಿದ ಮೇಲೆ ಅದನ್ನು ದೋಣಿಗಳ ಮೇಲೆ ತೇಲಿಸಿ ಇನ್ನೊಂದು ಕಮಾನಿನ ಜಾಗಕ್ಕೆ ಒಯ್ದರು. ನೋಡಲು ಜನ ಸೇರುತ್ತಿದ್ದದ್ದು ಅದನ್ನೇ ಇರಬೇಕು. ಆದರೆ ಅಲ್ಲಿ ನಡೆದ ಹೆಚ್ಚಿನ ಕೆಲಸ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಕಾಂಕ್ರೀಟಿನ ತುಂಡುಗಳನ್ನು ಭಾರದಡಿ ಇಟ್ಟು ಅವು ಎಷ್ಟು ಕುಗ್ಗಿದವು ಎಂದು ಸತತವಾಗಿ ಅಳೆಯುತ್ತ ಕೂರುವುದು. ನೀರು ಹೆಚ್ಚಾದ ಕಾಂಕ್ರೀಟು ಹೆಚ್ಚು ಕುಗ್ಗುತ್ತದೆ, ಚೆನ್ನಾಗಿ ದಮ್ಮಸು ಮಾಡಿದ ಗಟ್ಟಿ ಕಾಂಕ್ರೀಟು ಕಡಿಮೆ ಕುಗ್ಗುತ್ತದೆ, ಕುಗ್ಗುವ ವೇಗ ದಿನ ಕಳೆದಂತೆ ಇಳಿಯುತ್ತದೆ ಎಂದು ಗೊತ್ತಾಯಿತು. ಕ್ರೀಪನ್ನು ತಪ್ಪಿಸಲಾಗದು, ಆದರೆ ಅದಕ್ಕೊಂದು ಬೆಲೆ ಕಟ್ಟಬಹುದು ಎಂದು ಅವನಿಗೆ ಮನವರಿಕೆಯಾಯಿತು. 1928ರ ಅಕ್ಟೋಬರ್ 2ರಂದು ಜಾನ್ ಸೆಯಾಯ್ ಜೊತೆ ಸೇರಿ ಪೇಟೆಂಟಿಗೆ ಅರ್ಜಿ ಹಾಕಿದ. ಪ್ಲೂಗಾಸ್ತೆಲ್ 1930ರಲ್ಲಿ ಉದ್ಘಾಟನೆಯಾಯಿತು. ಅಷ್ಟರಲ್ಲಿ ಅವನು ಚೆನ್ನಾಗಿ ನಡೆಯುತ್ತಿದ್ದ ಕೆಲಸ ಬಿಟ್ಟು, ಕೂಡಿಟ್ಟ ದುಡ್ಡನ್ನೆಲ್ಲ ಈ ಹೊಸ ಹುಚ್ಚಿಗೆ ಸುರಿದಿದ್ದ. ವಯಸ್ಸು ಐವತ್ತು.

ಸೇತುವೆ ಕಟ್ಟಲು ಯಾರೂ ಕರೆಯಲಿಲ್ಲ. ಮೊಂತಾರ್ಜಿ ಎಂಬಲ್ಲಿ ಒಂದು ಕಾರ್ಖಾನೆ ತೆರೆದು ವಿದ್ಯುತ್ ತಂತಿಯ ಕಂಬಗಳನ್ನು ಮಾಡತೊಡಗಿದ. ತಂತಿಗಳನ್ನು ಎಳೆದು ಹಿಡಿದು, ಅವುಗಳ ಸುತ್ತ ಕಾಂಕ್ರೀಟು ತುಂಬಿ ನಡುಗಿಸಿ, ಆವಿಯಲ್ಲಿ ಬೇಯಿಸಿ, ಕೆಲವೇ ತಾಸುಗಳಲ್ಲಿ ಗಟ್ಟಿಯಾದ ತೆಳುಗೋಡೆಯ ಕಂಬ. ಮಾಲು ಬಹಳ ಚೆನ್ನಾಗಿತ್ತು. ಕೊಳ್ಳುವವರಿರಲಿಲ್ಲ, ಆರ್ಥಿಕ ಕುಸಿತದ ಕಾಲ. ಕಾರ್ಖಾನೆ ಮುಳುಗಿತು, ಜೊತೆಗೆ ಅವನ ದುಡ್ಡೂ ಮುಳುಗಿತು.

ಅವನನ್ನು ಮೇಲೆತ್ತಿದ್ದು ಮುಳುಗುತ್ತಿದ್ದ ಇನ್ನೊಂದು ಕಟ್ಟಡ. ಲ ಹಾವ್ರ ಬಂದರಿನಲ್ಲಿ ಅಟ್ಲಾಂಟಿಕ್ ದಾಟುವ ಹಡಗುಗಳಿಗೆಂದು ಕಟ್ಟಿದ ದೊಡ್ಡ ನಿಲ್ದಾಣ ಕೆಸರುನೆಲದಲ್ಲಿ ಕುಸಿಯುತ್ತಿತ್ತು. ಸುತ್ತ ಎಲ್ಲಿ ಗುದ್ದಿದರೂ ನೆಲ ಅದುರಿ ಕಟ್ಟಡ ಇನ್ನಷ್ಟು ಕೂರುವ ಸ್ಥಿತಿ. 1934ರಲ್ಲಿ ಫ್ರೆಸಿನೆ ಬಂದು, ಬಿಡಿಬಿಡಿಯಾಗಿದ್ದ ತಳಪಾಯಗಳ ನಡುವೆ ಕಾಂಕ್ರೀಟು ತುಂಬಿ ತಂತಿಗಳಿಂದ ಬಿಗಿದು ಒಂದೇ ಉದ್ದ ತೊಲೆ ಮಾಡಿದ. ಆ ತೊಲೆಯಲ್ಲಿ ರಂಧ್ರಗಳನ್ನು ಬಿಟ್ಟು, ಕಟ್ಟಡದ ಭಾರಕ್ಕೇ ಜಾಕು ಆನಿಸಿ, ಕಾಂಕ್ರೀಟ್ ಕಂಬಗಳನ್ನು ತುಂಡು ತುಂಡಾಗಿ ಕೂಡಿಸುತ್ತ ಸದ್ದಿಲ್ಲದೆ ನೆಲದೊಳಕ್ಕೆ ಒತ್ತಿದ. ಕುಸಿತ ನಿಂತಿತು. ನೋಡಲು ಬಂದವರಲ್ಲಿ ಎಡ್ಮ್ ಕಂಪನೊನ್ ಎಂಬ ದೊಡ್ಡ ಗುತ್ತಿಗೆದಾರನಿದ್ದ, ಅವನು ಫ್ರೆಸಿನೆಯನ್ನು ಬಿಡಲೇ ಇಲ್ಲ.

ಇನ್ನು ಉಳಿದದ್ದು ಒಂದೇ ತೊಡಕು, ಎಳೆದ ತಂತಿಯನ್ನು ತುದಿಯಲ್ಲಿ ಹಿಡಿದಿಡುವುದು ಹೇಗೆ ಎಂಬುದು. 1939ರಲ್ಲಿ ಅವನು ಕಂಡುಕೊಂಡ ಉಪಾಯ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು. ತೊಲೆಯ ತುದಿಯಲ್ಲಿ ಒಳಗೆ ಕಿರಿದಾಗುತ್ತ ಹೋಗುವ ಶಂಕುವಿನಾಕಾರದ ತೂತಿರುವ ಒಂದು ಗಟ್ಟಿ ದಿಮ್ಮಿ. ಆ ತೂತಿನ ಮೂಲಕ 5 ಮಿಲಿಮೀಟರು ದಪ್ಪದ 12 ತಂತಿಗಳು ಸುತ್ತಲೂ ಹೂವಿನೆಸಳಿನಂತೆ ಹೊರಬರುತ್ತವೆ. ಜಾಕು ಹನ್ನೆರಡನ್ನೂ ಒಟ್ಟಿಗೆ ಎಳೆಯುತ್ತದೆ. ಸಾಕಷ್ಟು ಎಳೆದಾದ ಮೇಲೆ ಅದೇ ಜಾಕಿನ ಇನ್ನೊಂದು ಕೊಂತ ನಡುವೆ ಒಂದು ಶಂಕುವಿನ ಬೆಣೆಯನ್ನು ಒತ್ತಿ ಕೂರಿಸುತ್ತದೆ. ಜಾಕು ಬಿಟ್ಟಾಗ ತಂತಿಗಳು ಒಳಕ್ಕೆ ಜಾರಲು ನೋಡುತ್ತವೆ, ಜಾರಿದಷ್ಟೂ ಬೆಣೆ ಬಿಗಿಯಾಗುತ್ತದೆ. ಇದು ಬಂದಮೇಲೆ ಪ್ರಿಸ್ಟ್ರೆಸ್ಸಿಂಗ್ ಕಾರ್ಖಾನೆಯಿಂದ ಸೈಟಿಗೆ ಬಂತು. ಮಾರ್ನ್ ನದಿಗೆ ಲೂಜಾನ್ಸಿಯಲ್ಲಿ 55 ಮೀಟರಿನ ಸೇತುವೆ 1941ರಲ್ಲಿ ಶುರುವಾಗಿ, ಯುದ್ಧದಲ್ಲಿ ನಿಂತು, 1946ರಲ್ಲಿ ಮುಗಿಯಿತು. ನೆಲದ ಮೇಲೆ ಅಚ್ಚು ಹಾಕಿದ ತುಂಡುಗಳನ್ನು ತಂತಿಯಿಂದ ಪೋಣಿಸಿ ಬಿಗಿದ ಸೇತುವೆ ಅದು. ನಡುವಿನಲ್ಲಿ ಅದರ ದಪ್ಪ ಒಂದೂಕಾಲು ಮೀಟರಿನ ಆಸುಪಾಸು. ಬಾಂಬಿಗೆ ಸಾವಿರಾರು ಸೇತುವೆ ಕಳೆದುಕೊಂಡಿದ್ದ, ಉಕ್ಕಿನ ಬರದಲ್ಲಿದ್ದ ಯುರೋಪಿಗೆ ಬೇರೆ ಜಾಹೀರಾತು ಬೇಕಿರಲಿಲ್ಲ.

ಅಲ್ಲಿಂದ ಮುಂದೆ ಬೇಗ ಬೇಗ ಹೇಳಬಹುದು. ಜರ್ಮನಿಯ ಫಿನ್‌ಸ್ಟರ್‌ವಾಲ್ಡರ್ ಅಡಿಯಲ್ಲಿ ಸೆಂಟ್ರಿಂಗೇ ಇಲ್ಲದೆ, ಕಂಬದ ಎರಡೂ ಕಡೆಗೆ ಸಮನಾಗಿ ತುಂಡು ಸೇರಿಸುತ್ತ ನದಿಯ ಮೇಲೆ ಸೇತುವೆ ಬೆಳೆಸಿದ. ಫ್ರೆಸಿನೆಯ ಗರಡಿಯಲ್ಲಿ ಪಳಗಿದ ಜಾನ್ ಮುಲ್ಲರ್ 1960ರ ದಶಕದ ಮೊದಲಲ್ಲಿ ಪ್ಯಾರಿಸ್ ಹತ್ತಿರದ ಶ್ವಾಜಿ ಲ ರ್ವಾ ಸೇತುವೆಗೆ ಒಂದು ತುಂಡಿನ ಮುಖಕ್ಕೇ ಆನಿಸಿ ಮುಂದಿನ ತುಂಡಿನ ಅಚ್ಚು ಹಾಕುವ ಪದ್ಧತಿ ತಂದ. ಹಾಗಾಗಿ ಯಾವ ತುಂಡು ಯಾವುದರ ಪಕ್ಕ ಎಂಬುದು ಮೊದಲೇ ನಿಶ್ಚಯ, ಜೋಡಿಸಿದರೆ ಕೂದಲೆಳೆ ಸಂದಿಲ್ಲದೆ ಕೂರುತ್ತದೆ. ಬೆಂಗಳೂರಿನ ಮೆಟ್ರೊ ಮೇಲ್ಸೇತುವೆ ಕಟ್ಟುವಾಗ ರಾತ್ರಿ ಹೊತ್ತು ಲಾರಿಯ ಮೇಲೆ ಬರುತ್ತಿದ್ದ, ಮೈಮೇಲೆ ನಂಬರ್ ಬರೆದ ಕಾಂಕ್ರೀಟ್ ಪೆಟ್ಟಿಗೆಗಳು ಇವೇ. ಕಂಬದಿಂದ ಕಂಬಕ್ಕೆ ಚಾಚಿದ ಲಾಂಚಿಂಗ್ ಗರ್ಡರ್ ಒಂದು ಸ್ಪ್ಯಾನಿನ ಸೆಗ್ಮೆಂಟುಗಳನ್ನೆಲ್ಲ ಸಾಲಾಗಿ ತೂಗುಹಾಕಿಕೊಳ್ಳುತ್ತದೆ, ಮುಖಗಳಿಗೆ ಎಪಾಕ್ಸಿ ಬಳಿಯುತ್ತಾರೆ, ಒಳಗೆ ಕೇಬಲ್ ತೂರಿಸಿ ಜಾಕಿನಿಂದ ಎಳೆಯುತ್ತಾರೆ. ಎಳೆದು ಮುಗಿದ ಕ್ಷಣದಲ್ಲಿ ಇಡೀ ಸಾಲು ಗರ್ಡರಿನ ಹಂಗು ತೊರೆದು ಕಂಬಗಳ ಮೇಲೆ ತಾನೇ ನಿಲ್ಲುತ್ತದೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿದ್ದು ಇಂಥದೇ ಮೇಲ್ಸೇತುವೆಯ ಮೇಲೆ. ಕೊಂಕಣ ರೈಲಿನಲ್ಲಿ ರತ್ನಗಿರಿ ಕಡೆ ಹೋಗುವಾಗ ಸಿಗುವ ಪಾನ್ವಲ್ ಸೇತುವೆ, 64 ಮೀಟರು ಎತ್ತರದ ಕಂಬಗಳ ಮೇಲಿನ 424 ಮೀಟರು ಉದ್ದದ ಆ ಪೆಟ್ಟಿಗೆ ತೊಲೆಯನ್ನು ಒಂದು ದಡದಲ್ಲಿ ಅಚ್ಚು ಹಾಕುತ್ತ ಹಿಂದಿನಿಂದ ತಳ್ಳಿ ತಳ್ಳಿ ಕಣಿವೆ ದಾಟಿಸಿದರು. ಸೇತುವೆಯ ಮಾತು ಬಿಡಿ, ನಮ್ಮ ಮುಖ್ಯ ರೈಲು ಮಾರ್ಗಗಳ ಹಳಿಯಡಿಯ ಕಾಂಕ್ರೀಟ್ ಸ್ಲೀಪರುಗಳ ಒಳಗೂ ಎಳೆದು ಬಿಗಿದ ತಂತಿಯೇ ಇರುವುದು. 1962ರಲ್ಲಿ ತೀರಿಕೊಂಡ ಫ್ರೆಸಿನೆ ಇಷ್ಟನ್ನು ಊಹಿಸಿದ್ದನೋ ಇಲ್ಲವೋ.

ಆದರೆ ಐದರಲ್ಲಿ ಒಂದು ಕಳೆಯುವ ಲೆಕ್ಕದ ಕತೆ ಇನ್ನೂ ಸ್ವಲ್ಪ ಬಾಕಿ ಇತ್ತು. ಕ್ರೀಪಿನ ವೇಗ ಇಳಿಯುತ್ತದೆ ಎಂಬುದು ನಿಜ. ಆದರೆ ವೇಗ ಇಳಿಯುವುದು ಒಂದು, ನಿಂತುಹೋಗುವುದು ಇನ್ನೊಂದು. ಕೆಲವು ವರ್ಷಗಳ ಪ್ರಯೋಗಶಾಲೆಯ ಅಳತೆ ಇಟ್ಟುಕೊಂಡು, ಆಮೇಲೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ ಎಂದು ಬಹುಪಾಲು ವಿನ್ಯಾಸ ಸೂತ್ರಗಳು ಒಪ್ಪಿಕೊಂಡವು.

ಪೆಸಿಫಿಕ್ ಸಾಗರದ ಪುಟ್ಟ ದ್ವೀಪದೇಶ ಪಲಾವ್‌ನಲ್ಲಿ 1977ರಲ್ಲಿ ಕೊರೊರ್ ಮತ್ತು ಬಬೆಲ್ಡಾಬ್ ದ್ವೀಪಗಳ ನಡುವೆ ಒಂದು ಸೇತುವೆ ಕಟ್ಟಿದರು. ನಡುಹರವು 241 ಮೀಟರು, ಪ್ರಿಸ್ಟ್ರೆಸ್ಡ್ ಪೆಟ್ಟಿಗೆ ತೊಲೆಗಳಲ್ಲಿ ಅಂದಿಗೆ ಜಗತ್ತಿನಲ್ಲೇ ಉದ್ದದ್ದು. ಎರಡು ದಡದಿಂದ ಚಾಚಿಕೊಂಡು ಬಂದ ತೋಳುಗಳು ನಡುವೆ ಒಂದು ಕೀಲಿನಲ್ಲಿ ಕೂಡುತ್ತಿದ್ದವು. ಆ ಕೀಲು ಇಳಿಯತೊಡಗಿತು. ವರ್ಷದಿಂದ ವರ್ಷಕ್ಕೆ ಇಳಿದು, ಹದಿನೆಂಟು ವರ್ಷ ಕಳೆಯುವಷ್ಟರಲ್ಲಿ ವಿನ್ಯಾಸದ ಮಟ್ಟಕ್ಕಿಂತ 1.61 ಮೀಟರು ಕೆಳಗಿತ್ತು. ವಾಹನಗಳು ಕುಲುಕುತ್ತ ದಾಟುತ್ತಿದ್ದವು. 1996ರಲ್ಲಿ ನಡುವಿನ ಕೀಲು ತೆಗೆದು, ಅಲ್ಲಿ ಜಾಕುಗಳನ್ನಿಟ್ಟು ತಳ್ಳಿ, ಹೊಸ ಕೇಬಲ್ ಎಳೆದು ಬಿಗಿದರು. ಲ ವೆರ್ದ್ರದಲ್ಲಿ ಫಲಿಸಿದ ಚಿಕಿತ್ಸೆಗೆ ಇದು ತೀರಾ ದೂರದ್ದೇನಲ್ಲ. ಇಲ್ಲಿ ಫಲಿಸಲಿಲ್ಲ. ಸುಮಾರು ಮೂರು ತಿಂಗಳ ಬಳಿಕ, ಸೆಪ್ಟೆಂಬರ್ 26ರ ಸಂಜೆ, ಗಾಳಿಮಳೆ ಏನೂ ಇಲ್ಲದ ಹೊತ್ತಿನಲ್ಲಿ ಸೇತುವೆ ಸಮುದ್ರಕ್ಕೆ ಬಿತ್ತು. ಇಬ್ಬರು ಸತ್ತರು. ಆಗಿನ ರಾಜಧಾನಿ ಕೊರೊರ್‌ನ ನೀರಿನ ಕೊಳವೆಯೂ ವಿದ್ಯುತ್ ತಂತಿಯೂ ಅದೇ ಸೇತುವೆಯ ಮೇಲೆ ಹಾದುಹೋಗಿದ್ದವು.

ವ್ಯಾಜ್ಯ ನಡೆಯಿತು, ರಾಜಿಯಾಯಿತು. ಪರಿಣತರು ಕಲೆಹಾಕಿದ ಅಳತೆ, ನಕ್ಷೆ, ವರದಿಗಳಿಗೆಲ್ಲ ಬೀಗ ಬಿತ್ತು. ಇಂಥ ಕಡೆ ಬೀಗ ಹಾಕುವುದು ನನ್ನ ಮಟ್ಟಿಗೆ ಸೇತುವೆ ಬಿದ್ದದ್ದಕ್ಕಿಂತ ದೊಡ್ಡ ಅನಾಹುತ. ಬಿದ್ದ ಸೇತುವೆ ಒಂದೇ, ಅದೇ ಸೂತ್ರದಲ್ಲಿ ಕಟ್ಟಿದವು ಲೋಕದ ತುಂಬ ಇವೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಜ್ದೆನೆಕ್ ಬಜಾಂತ್ ಅವರ ತಕರಾರೂ ಇದೇ. ಪ್ರಾಗ್‌ನಲ್ಲಿ ಹುಟ್ಟಿದ ಬಜಾಂತ್ ಬದುಕಿನುದ್ದಕ್ಕೂ ಕ್ರೀಪಿನ ಹಿಂದೆ ಬಿದ್ದವರು.

2007ರ ನವೆಂಬರ್‌ನಲ್ಲಿ ಕಟ್ಟಡ ಎಂಜಿನಿಯರುಗಳ ಮೂರನೆಯ ವಿಶ್ವ ಸಮ್ಮೇಳನ ಬೆಂಗಳೂರಿನಲ್ಲಿ ನಡೆಯಿತು. ಕೊರೊರ್ ಸೇತುವೆಯೂ ಸೇರಿದಂತೆ ಕುಸಿದ ದೊಡ್ಡ ಕಟ್ಟಡಗಳ ತಾಂತ್ರಿಕ ಮಾಹಿತಿಯನ್ನು ವ್ಯಾಜ್ಯದ ನೆಪದಲ್ಲಿ ಮುಚ್ಚಿಡುವುದು ವಿಷಾದದ ಸಂಗತಿ, ಎಂಜಿನಿಯರಿಂಗ್ ನೀತಿಯ ದೃಷ್ಟಿಯಿಂದ ಅದನ್ನು ಬಿಡುಗಡೆ ಮಾಡಬೇಕು ಎಂಬ ನಿರ್ಣಯವನ್ನು ಬಜಾಂತ್ ಮಂಡಿಸಿದರು. ನವೆಂಬರ್ 6ರಂದು ಸಮ್ಮೇಳನ ಅದನ್ನು ಒಪ್ಪಿತು. ನಿರ್ಣಯಗಳ ಗತಿ ನಮಗೆ ಗೊತ್ತಿರುವುದೇ. ಆದರೆ ಇದರ ಗತಿ ಬೇರೆಯಾಯಿತು. ಎರಡೇ ತಿಂಗಳಲ್ಲಿ, 2008ರ ಜನವರಿಯಲ್ಲಿ, ಪಲಾವ್‌ನ ಅಟಾರ್ನಿ ಜನರಲ್ ಕಡತ ತೆರೆಯಲು ಒಪ್ಪಿಗೆ ಕೊಟ್ಟರು.

ಕಡತದಲ್ಲಿದ್ದ ಅಳತೆಗಳನ್ನು ಬಜಾಂತ್ ಅವರ ತಂಡ ಬಳಕೆಯಲ್ಲಿದ್ದ ಒಂದೊಂದು ಸೂತ್ರಕ್ಕೂ ಹಚ್ಚಿ ನೋಡಿತು. ಬಹುತೇಕ ಸೂತ್ರಗಳು ಹೇಳಿದ ಇಳಿತಕ್ಕಿಂತ ನಿಜವಾದ ಇಳಿತ ಎಷ್ಟೋ ಹೆಚ್ಚಿತ್ತು. ಪೆಟ್ಟಿಗೆಯ ತೆಳು ಹಲಗೆಯೂ ದಪ್ಪ ಹಲಗೆಯೂ ಬೇರೆಬೇರೆ ವೇಗದಲ್ಲಿ ಒಣಗಿ ಕುಗ್ಗುವುದನ್ನು ಸೂತ್ರಗಳು ಗಣನೆಗೇ ತಂದಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕ್ರೀಪ್ ನಿಲ್ಲುವುದೇ ಇಲ್ಲ. ಮೊದಲ ಹತ್ತು ದಿನಗಳಿಂದ ನೂರು ದಿನಗಳವರೆಗೆ ಎಷ್ಟು ಕುಗ್ಗಿತೋ, ಸಾವಿರ ದಿನಗಳಿಂದ ಹತ್ತು ಸಾವಿರ ದಿನಗಳವರೆಗೆ ಹೆಚ್ಚುಕಡಿಮೆ ಅಷ್ಟೇ ಮತ್ತೆ ಕುಗ್ಗುವಂಥ ನಡೆ ಅದರದು. ಬೇರೆ ಬೇರೆ ದೇಶಗಳ ಹಳೆಯ ಸೇತುವೆಗಳ ಅಳತೆ ತರಿಸಿ ನೋಡಿದರೆ, ಹತ್ತಾರು ಸೇತುವೆಗಳು ಕಟ್ಟಿ ದಶಕಗಳಾದ ಮೇಲೂ ಅದೇ ನಡೆಯಲ್ಲಿ ಇಳಿಯುತ್ತಲೇ ಇದ್ದವು.

ನೂರು ವರ್ಷ ಬಾಳಬೇಕೆಂದು ಕಟ್ಟುವ ದೊಡ್ಡ ಸೇತುವೆಗಳಲ್ಲಿ ಈಗ ಹಲವು ಕಡೆ ಕೇಬಲ್ ಹಾಕದ ಖಾಲಿ ನಳಿಗೆಗಳನ್ನೂ, ಅವುಗಳ ತುದಿಯಲ್ಲಿ ಜಾಕು ಹಿಡಿಸುವಷ್ಟು ಜಾಗವನ್ನೂ ಬಿಟ್ಟಿರುತ್ತಾರೆ. ಲೆಕ್ಕಕ್ಕಿಂತ ಹೆಚ್ಚು ಇಳಿದರೆ ಮುಂದೆ ಬರುವವರು ಒಳಹೊಕ್ಕು ಇನ್ನೊಂದಿಷ್ಟು ಕೇಬಲ್ ಎಳೆದುಕೊಳ್ಳಲಿ ಎಂದು.